ಖಾಲಿ ಬಿಟ್ಟ ಮನೆಗಳು

ಕನ್ನಡದ ಮಗು ಅಕ್ಷರಾಭ್ಯಾಸಕ್ಕೆ ಕುಳಿತಾಗ ಮೊದಲು ಕಲಿಯುವುದು ವರ್ಣಮಾಲೆಯನ್ನು. ಕ ಖ ಗ ಘ ಙ, ಚ ಛ ಜ ಝ ಞ ಎಂದು ರಾಗವಾಗಿ ಒಪ್ಪಿಸುವ ಆ ಐದೈದರ ಸಾಲುಗಳ ಹಿಂದೆ ಎಂಥ ವಿವೇಕ ಅಡಗಿದೆ ಎಂಬುದು ಮಗುವಿಗಿರಲಿ, ಕಲಿಸುವ ಹಿರಿಯರಿಗೂ ಎಷ್ಟೋ ವೇಳೆ ಹೊಳೆದಿರುವುದಿಲ್ಲ. ಅಡ್ಡಸಾಲಿನಲ್ಲಿ ಹೋದರೆ ದನಿ ಹುಟ್ಟುವ ಸ್ಥಾನ ಒಂದೇ. ಕಂಠದಲ್ಲಿ ಹುಟ್ಟಿದ್ದು ಕವರ್ಗ, ತುಟಿಯಲ್ಲಿ ಹುಟ್ಟಿದ್ದು ಪವರ್ಗ. ಕಂಬಸಾಲಿನಲ್ಲಿ ಇಳಿದರೆ ದನಿ ಹುಟ್ಟುವ ರೀತಿ ಒಂದೇ; ಎರಡನೆಯ ಕಂಬದಲ್ಲಿ ಇರುವುವೆಲ್ಲ ಮಹಾಪ್ರಾಣ, ಐದನೆಯದರಲ್ಲಿ ಇರುವುವೆಲ್ಲ ಅನುನಾಸಿಕ. ಈ ಪಟ್ಟಿಯಿಂದ ‘ಢ’ ಎಂಬ ಅಕ್ಷರವನ್ನು ಯಾರಾದರೂ ಅಳಿಸಿಬಿಟ್ಟರೂ ಅದು ಹೇಗಿದ್ದಿರಬೇಕೆಂದು ನಾವು ಹೇಳಬಲ್ಲೆವು. ಎಡದಲ್ಲಿ ಡ, ಬಲದಲ್ಲಿ ಣ. ಮೇಲೆ ಝ, ಕೆಳಗೆ ಧ. ನಾಲಿಗೆ ಡಕಾರದ ಸ್ಥಾನದಲ್ಲಿರಬೇಕು, ಉಸಿರು ಝಕಾರ ಧಕಾರಗಳಲ್ಲಿರುವಂತೆ ಹೆಚ್ಚಬೇಕು. ಕಾಣೆಯಾದ ಅಕ್ಷರದ ದನಿಯನ್ನು ಅದರ ನೆರೆಹೊರೆಯೇ ನುಡಿದು ತೋರಿಸುತ್ತದೆ.

ರಸಾಯನಶಾಸ್ತ್ರಕ್ಕೂ ಇಂಥದೇ ಒಂದು ವರ್ಣಮಾಲೆಯಿದೆ. ಕಾಲೇಜುಗಳ ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗುಹಾಕಿರುವ, ಬಣ್ಣಬಣ್ಣದ ಮನೆಗಳುಳ್ಳ ದೊಡ್ಡ ಪಟವನ್ನು ನೀವು ನೋಡಿರುತ್ತೀರಿ. ಅದಕ್ಕೆ ಆವರ್ತ ಕೋಷ್ಟಕವೆಂದು ಹೆಸರು. ಏಳು ಅಡ್ಡಸಾಲುಗಳು, ಹದಿನೆಂಟು ಕಂಬಸಾಲುಗಳು. ಜಲಜನಕದಿಂದ ಮೊದಲುಗೊಂಡು 118 ಮೂಲಧಾತುಗಳು ಅಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತಿವೆ. ಪರೀಕ್ಷೆಗಾಗಿ ಅದನ್ನು ಉರುಹೊಡೆದವರಿಗೆ ಅದೊಂದು ಒಣ ಪಟ್ಟಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಬೆಳೆದು ಬಂದ ಬಗೆಯನ್ನು ಹಿಂಬಾಲಿಸಿ ಹೋದರೆ ಒಂದು ವಿಚಿತ್ರ ಸಂಗತಿ ತಿಳಿಯುತ್ತದೆ. ಈ ಪಟಕ್ಕೆ ಜಗತ್ತಿನ ಮನ್ನಣೆ ದೊರೆತದ್ದು ಅದರಲ್ಲಿ ತುಂಬಿದ್ದ ಮನೆಗಳಿಗಿಂತ ಹೆಚ್ಚಾಗಿ ಖಾಲಿ ಬಿಟ್ಟಿದ್ದ ಮನೆಗಳಿಂದ. ಆ ಖಾಲಿ ಮನೆಗಳ ಕಥೆಯನ್ನೇ ಇಂದು ಹೇಳಹೊರಟಿದ್ದೇನೆ.

ಲೋಕದ ಅನಂತ ವಸ್ತುಗಳೆಲ್ಲ ಕೆಲವೇ ಮೂಲವಸ್ತುಗಳಿಂದ ಆದುವು ಎಂಬ ಭಾವನೆ ಬಹು ಹಳೆಯದು. ನಮ್ಮವರು ಪಂಚಭೂತಗಳೆಂದರು; ಗ್ರೀಕರು ನಾಲ್ಕೆಂದರು. ಆದರೆ ಯಾವ ವಸ್ತುವನ್ನು ಪ್ರಯೋಗಶಾಲೆಯಲ್ಲಿ ಇನ್ನೂ ಸರಳವಾದ ವಸ್ತುಗಳಾಗಿ ಒಡೆಯಲು ಸಾಧ್ಯವಾಗುವುದಿಲ್ಲವೋ ಅದನ್ನು ಮೂಲಧಾತು ಎಂದು ಕರೆಯೋಣ ಎಂಬ ನಿಷ್ಠುರವಾದ ಕಟ್ಟಳೆಯನ್ನು ಗಟ್ಟಿಯಾಗಿ ಹಿಡಿದವನು ಫ್ರಾನ್ಸಿನ ಲವಾಸಿಯೆ. 1789ರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ 33 ಹೆಸರುಗಳಿದ್ದುವು. ಬೆಳಕು ಮತ್ತು ಶಾಖ ಕೂಡ ಅವುಗಳಲ್ಲಿ ಸೇರಿಕೊಂಡಿದ್ದುವು. ಮುಂದೆ ವಿದ್ಯುತ್ತು ರಸಾಯನಜ್ಞನ ಕೈಗೆ ಬಂದ ಮೇಲೆ ಈ ಕುಟುಂಬ ಬೇಗಬೇಗನೆ ಬೆಳೆಯಿತು. 1807ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ಸಹಾಯದಿಂದ ಪೊಟಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಬೇರ್ಪಡಿಸಿದ. ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದ ಹೊತ್ತಿಗೆ ಮೂಲಧಾತುಗಳ ಸಂಖ್ಯೆ ಅರುವತ್ತನ್ನು ದಾಟಿತ್ತು. ಒಂದು ಗಟ್ಟಿ, ಒಂದು ದ್ರವ, ಒಂದು ಗಾಳಿ. ಒಂದು ನೀರಿಗೆ ಬಿದ್ದರೆ ಹೊತ್ತಿ ಉರಿಯುತ್ತದೆ, ಇನ್ನೊಂದು ಸಾವಿರ ವರ್ಷ ಮಣ್ಣಿನಲ್ಲಿ ಹೂತಿಟ್ಟರೂ ಮಾಸುವುದಿಲ್ಲ. ಜಾತ್ರೆಯಲ್ಲಿ ನೆರೆದ ಜನರಂತಿದ್ದ ಈ ಗುಂಪಿನಲ್ಲಿ ಯಾರು ಯಾರಿಗೆ ಏನಾಗಬೇಕು? ಇವೆಲ್ಲಕ್ಕೂ ಒಂದು ಒಕ್ಕಲು ಇದೆಯೆ, ಇಲ್ಲವೆ? ಇದು ಅಂದಿನ ಪ್ರಶ್ನೆ.

ನೆಂಟಸ್ತಿಕೆಯ ಸುಳಿವುಗಳು ಅಲ್ಲೊಂದು ಇಲ್ಲೊಂದು ಸಿಕ್ಕಿದ್ದುವು. ಜರ್ಮನಿಯ ಡೋಬರೈನರ್ 1829ರಲ್ಲಿ ಮೂರು ಮೂರರ ಕೆಲವು ಗುಂಪುಗಳನ್ನು ಗುರುತಿಸಿದ. ಲಿಥಿಯಂ, ಸೋಡಿಯಂ, ಪೊಟಾಸಿಯಂ ಈ ಮೂರೂ ಮೃದುವಾದ ಲೋಹಗಳು. ಮೂರಕ್ಕೂ ನೀರನ್ನು ಕಂಡರಾಗದು. ಇವುಗಳ ಪರಮಾಣು ತೂಕ ಕ್ರಮವಾಗಿ 7, 23, 39. ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿ ಅರ್ಧ ಮಾಡಿದರೆ ನಡುವಿನದು ಬರುತ್ತದೆ. ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳಲ್ಲಿಯೂ ಹೆಚ್ಚು ಕಡಿಮೆ ಹೀಗೆಯೇ. ತೂಕಕ್ಕೂ ಸ್ವಭಾವಕ್ಕೂ ಏನೋ ಸಂಬಂಧವಿದೆಯೆಂಬ ಗುಮಾನಿ ಹುಟ್ಟಿತು.

ಆದರೆ ಗುಮಾನಿಯಿಂದ ಮುಂದಕ್ಕೆ ಹೋಗಲು ಒಂದು ದೊಡ್ಡ ತೊಡಕಿತ್ತು. ಪರಮಾಣು ತೂಕಗಳ ವಿಷಯದಲ್ಲಿಯೇ ಪಂಡಿತರಲ್ಲಿ ಒಮ್ಮತವಿರಲಿಲ್ಲ. ನೀರಿನಲ್ಲಿ ಜಲಜನಕದ ಒಂದು ಪರಮಾಣುವೋ ಎರಡೋ ಎಂಬುದರಲ್ಲಿಯೂ ಜಗಳವಿತ್ತು. ವಿನೆಗರ್‌ನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲಕ್ಕೆ ಆ ಕಾಲದಲ್ಲಿ ಬಳಕೆಯಲ್ಲಿದ್ದ ಹತ್ತೊಂಬತ್ತು ಬೇರೆ ಬೇರೆ ಸೂತ್ರಗಳನ್ನು ಕೆಕುಲೆ ತನ್ನ ಗ್ರಂಥದಲ್ಲಿ ಪಟ್ಟಿ ಮಾಡಿದ್ದಾನೆ. ಈ ಗೊಂದಲವನ್ನು ಪರಿಹರಿಸಲೆಂದು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂ ನಗರದಲ್ಲಿ ಯುರೋಪಿನ ನೂರಕ್ಕೂ ಹೆಚ್ಚು ರಸಾಯನಜ್ಞರು ಸೇರಿದರು. ಇಟಲಿಯ ಕನ್ನಿಜ್ಜಾರೊ ಎಂಬಾತ ತೂಕಗಳನ್ನು ಸರಿಯಾಗಿ ನಿರ್ಣಯಿಸುವ ದಾರಿಯನ್ನು ಅಲ್ಲಿ ವಾದಿಸಿ ತೋರಿಸಿದ. ಅದನ್ನು ವಿವರಿಸಿದ ಅವನ ಕಿರುಹೊತ್ತಗೆಯನ್ನು ಸಭೆ ಚದರುವ ವೇಳೆಗೆ ಬಂದವರಿಗೆಲ್ಲ ಹಂಚಲಾಯಿತು. ಆ ಹೊತ್ತಗೆಯನ್ನು ಹಿಡಿದು ಊರಿಗೆ ಮರಳಿದವರಲ್ಲಿ ಇಪ್ಪತ್ತಾರು ವರ್ಷದ ರಷ್ಯನ್ ತರುಣನೊಬ್ಬನಿದ್ದ. ಅವನೇ ದ್ಮಿತ್ರಿ ಮೆಂಡಲೀವ್.

ಮೆಂಡಲೀವನಿಗೆ ಬರುವ ಮೊದಲು ಅವನಿಗಿಂತ ಮುಂಚೆ ಹೊರಟು ದಾರಿಯಲ್ಲಿ ನಿಂತ ಒಬ್ಬನನ್ನು ನೆನೆಯಬೇಕು. ಲಂಡನ್ನಿನ ಜಾನ್ ನ್ಯೂಲ್ಯಾಂಡ್ಸ್ ಮೂಲಧಾತುಗಳನ್ನು ತೂಕದ ಏರಿಕೆಯ ಕ್ರಮದಲ್ಲಿ ಬರೆಯುತ್ತ ಹೋದಾಗ ಪ್ರತಿ ಎಂಟನೆಯದು ಮೊದಲನೆಯದರ ಸ್ವಭಾವವನ್ನು ಮತ್ತೆ ತೋರಿಸುವುದನ್ನು ಕಂಡ. ಸ ರಿ ಗ ಮ ಪ ದ ನಿ ಎಂದು ಏರಿದ ಮೇಲೆ ಮತ್ತೆ ಷಡ್ಜವೇ ಮೇಲಿನ ಸ್ಥಾಯಿಯಲ್ಲಿ ಕೇಳಿಬರುವಂತೆ! ಇದನ್ನು ಅವನು ಅಷ್ಟಕ ನಿಯಮವೆಂದು ಕರೆದ. 1866ರ ಮಾರ್ಚ್ 1ರಂದು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಅದನ್ನು ಮಂಡಿಸಿದಾಗ, ಮೂಲಧಾತುಗಳ ಹೆಸರುಗಳನ್ನು ಅಕಾರಾದಿಯಾಗಿ ಬರೆದು ನೋಡಿದ್ದೀರಾ ಎಂದು ಸಭಿಕರೊಬ್ಬರು ಕೇಳಿದರಂತೆ. ಈ ಅಪಹಾಸ್ಯದ ಪ್ರಸಂಗ ಪ್ರಸಿದ್ಧವಾಗಿದೆ. ಅದೇ ಸಭೆಯಲ್ಲಿ ಗ್ಲ್ಯಾಡ್‌ಸ್ಟನ್ ಎಂಬ ರಸಾಯನಜ್ಞರು ಎತ್ತಿದ ಗಂಭೀರ ಆಕ್ಷೇಪವನ್ನು ಮಾತ್ರ ಜನ ಅಷ್ಟಾಗಿ ನೆನೆಯುವುದಿಲ್ಲ. ಇನ್ನು ಯಾವ ಮೂಲಧಾತುವೂ ದೊರೆಯಲಾರದೆಂದು ಈ ಪಟ್ಟಿ ಭಾವಿಸಿದಂತಿದೆಯಲ್ಲ ಎಂದರು ಅವರು. ಏಟು ಬಿದ್ದುದು ಮರ್ಮಕ್ಕೇ. ಎರಡು ವರ್ಷ ಹಿಂದೆ ತಾನೇ ಬರೆದ ಒಂದು ಪಟ್ಟಿಯಲ್ಲಿ ನ್ಯೂಲ್ಯಾಂಡ್ಸ್ ತೆರಪು ಬಿಟ್ಟಿದ್ದುಂಟು. ಈಗ ಅಷ್ಟಕದ ತಾಳ ತಪ್ಪಬಾರದೆಂದು ಎಲ್ಲ ಮನೆಗಳನ್ನೂ ತುಂಬಿಸಿಬಿಟ್ಟಿದ್ದ. ಅದರಿಂದ ಕೋಬಾಲ್ಟ್ ಮತ್ತು ನಿಕ್ಕಲ್ ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಕೂಡಬೇಕಾಯಿತು. ಅದೂ ಕ್ಲೋರಿನ್ನಿನ ಸಂಗಡ. ಕಬ್ಬಿಣ ಹೋಗಿ ಆಮ್ಲಜನಕ ಗಂಧಕಗಳ ಪಕ್ಕದಲ್ಲಿ ನಿಂತಿತು. ರಾಗ ಹೊಳೆದಿತ್ತು, ವಿರಾಮಕ್ಕೆ ಎಡೆಯಿರಲಿಲ್ಲ.

ಮೆಂಡಲೀವ್ ಹುಟ್ಟಿದ್ದು 1834ರಲ್ಲಿ, ಸೈಬೀರಿಯದ ತೊಬೊಲ್ಸ್ಕ್ ಎಂಬ ಊರಿನಲ್ಲಿ. ದೊಡ್ಡ ಸಂಸಾರದ ಕೊನೆಯ ಕೂಸು. ಉಪಾಧ್ಯಾಯನಾಗಿದ್ದ ತಂದೆ ಕಣ್ಣು ಕಳೆದುಕೊಂಡ ಮೇಲೆ ತಾಯಿ ಮರಿಯಾ ತವರಿನವರ ಗಾಜಿನ ಕಾರ್ಖಾನೆಯನ್ನು ನಡೆಸಿ ಮಕ್ಕಳನ್ನು ಸಾಕಿದಳು. 1847ರಲ್ಲಿ ಗಂಡ ತೀರಿಕೊಂಡ. ಮರುವರ್ಷವೇ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಉಳಿದುದನ್ನು ಕಟ್ಟಿಕೊಂಡು ಆ ತಾಯಿ ಕಿರಿಯ ಮಗನನ್ನು ಓದಿಸಲೇಬೇಕೆಂದು ಸೈಬೀರಿಯದಿಂದ ಮಾಸ್ಕೋಗೆ, ಅಲ್ಲಿ ಪ್ರವೇಶ ದೊರೆಯದೆ ಹೋದಾಗ ಪೀಟರ್ಸ್‌ಬರ್ಗಿಗೆ ಪ್ರಯಾಣ ಮಾಡಿದಳು. 1850ರಲ್ಲಿ ಅಲ್ಲಿನ ಶಿಕ್ಷಕರ ಸಂಸ್ಥೆಯಲ್ಲಿ ಮಗನಿಗೆ ಸ್ಥಳ ಸಿಕ್ಕಿತು. ಅದೇ ವರ್ಷ ಅವಳು ಕಣ್ಣು ಮುಚ್ಚಿದಳು.

ಆ ಮಗ ಮುಂದೆ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ. ತನ್ನ ವಿದ್ಯಾರ್ಥಿಗಳ ಕೈಗೆ ಕೊಡತಕ್ಕ ರಸಾಯನಶಾಸ್ತ್ರದ ಪುಸ್ತಕ ರಷ್ಯನ್ ಭಾಷೆಯಲ್ಲಿ ಕಾಣದೆ ತಾನೇ ಬರೆಯಲು ಕುಳಿತ. ಆವರ್ತ ಕೋಷ್ಟಕ ಹುಟ್ಟಿದ್ದು ಈ ಪಾಠಪುಸ್ತಕದ ಮೇಜಿನ ಮೇಲೆ. ಮೊದಲನೆಯ ಸಂಪುಟ ಕ್ಲೋರಿನ್ ಬಳಗದಲ್ಲಿ ಮುಗಿದಿತ್ತು. ಎರಡನೆಯದನ್ನು ಸೋಡಿಯಂ ಬಳಗದಿಂದ ಆರಂಭಿಸಿದ. ಮುಂದೆ ಯಾವುದು? ಅಧ್ಯಾಯಗಳ ಅನುಕ್ರಮ ಯಾವ ನ್ಯಾಯದ ಮೇಲೆ ನಿಲ್ಲಬೇಕು? ಹೀಗೆ ಯೋಚಿಸುತ್ತ ಅವನು ಎರಡು ಬಳಗಗಳ ತೂಕಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದ. ಕ್ಲೋರಿನ್ 35.5, ಪೊಟಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೊಡಿನ್ 127, ಸೀಸಿಯಂ 133. ಗುಣದಲ್ಲಿ ಹಾವು ಮುಂಗುಸಿಗಳಂತಿರುವ ಈ ಎರಡು ಬಳಗಗಳು ತೂಕದಲ್ಲಿ ಪ್ರತಿಸಲವೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದುವು. ಒಂದು ಸಾಲು ಕ್ಲೋರಿನ್ ಬಳಗದಲ್ಲಿ ಮುಗಿಯುತ್ತಿದ್ದಂತೆ ಮುಂದಿನ ಸಾಲು ಸೋಡಿಯಂ ಬಳಗದಿಂದ ಮೊದಲಾಗುತ್ತಿತ್ತು. 1869ರ ಮಾರ್ಚ್ 1ರಂದು, ಅಂದಿನ ರಷ್ಯದ ಪಂಚಾಂಗದಂತೆ ಫೆಬ್ರುವರಿ 17ರಂದು, ಅವನು ತನಗೆ ತಿಳಿದಿದ್ದ 63 ಮೂಲಧಾತುಗಳ ಮೊದಲ ಕೋಷ್ಟಕವನ್ನು ಸಿದ್ಧಪಡಿಸಿದ.

ಈ ಕ್ರಮದ ಸೊಗಸನ್ನು ತಿಳಿಯಲು ಒಂದು ಸಾಲನ್ನು ನಡೆದು ನೋಡಿದರೆ ಸಾಕು. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ರಂಜಕ, ಗಂಧಕ, ಕ್ಲೋರಿನ್ ಇವು ತೂಕದ ಏರಿಕೆಯಲ್ಲಿ ಒಂದರ ಮುಂದೆ ಒಂದು. ಇವು ಆಮ್ಲಜನಕದೊಡನೆ ಸೇರುವಾಗ ಎಂಥ ಶಿಸ್ತು ತೋರುತ್ತವೆ! ಎರಡು ಸೋಡಿಯಂ ಪರಮಾಣುಗಳು ಆಮ್ಲಜನಕದ ಒಂದನ್ನು ಹಿಡಿಯುತ್ತವೆ. ಎರಡು ಮೆಗ್ನೀಸಿಯಂ ಎರಡನ್ನು, ಎರಡು ಅಲ್ಯೂಮಿನಿಯಂ ಮೂರನ್ನು. ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿ ಎರಡು ಕ್ಲೋರಿನ್ ಪರಮಾಣುಗಳು ಏಳನ್ನು ಹಿಡಿಯುವವರೆಗೆ ಹೋಗಬಹುದು. ಗುಣವೂ ಹಾಗೆಯೇ ಸರಿಯುತ್ತದೆ. ಎಡತುದಿಯಲ್ಲಿ ತೀಕ್ಷ್ಣವಾದ ಕ್ಷಾರ, ಬಲತುದಿಯಲ್ಲಿ ತೀಕ್ಷ್ಣವಾದ ಆಮ್ಲ, ನಡುವೆ ಎರಡಕ್ಕೂ ಒಗ್ಗುವ ಅಲ್ಯೂಮಿನಿಯಂ. ಎಡದಲ್ಲಿ ಚಾಕುವಿನಿಂದ ಕತ್ತರಿಸಬಹುದಾದ ಹೊಳಪಿನ ಲೋಹ. ಬಲದಲ್ಲಿ ಉಸಿರುಗಟ್ಟಿಸುವ ಹಸಿರು ಹಳದಿಯ ಅನಿಲ. ಸಾಲು ಮುಗಿಯಿತೆನ್ನುವಾಗ ಪೊಟಾಸಿಯಂ ಬರುತ್ತದೆ. ಅದು ಮತ್ತೆ ಚಾಕುವಿನಿಂದ ಕತ್ತರಿಸಬಹುದಾದ ಲೋಹ. ಹೀಗೆ ಮರಳಿ ಮರಳಿ ಬರುವುದೇ ಆವರ್ತ. ಅಡ್ಡಸಾಲಿನಲ್ಲಿ ಗುಣ ಮೆಲ್ಲಗೆ ಬದಲಾಗುತ್ತದೆ. ಕಂಬಸಾಲಿನಲ್ಲಿ ವಂಶದ ಚಹರೆ ಉಳಿದುಬರುತ್ತದೆ. ಒಂದು ಮೂಲಧಾತುವಿನ ಗುಣ ಅದರ ಮನೆಯ ವಿಳಾಸದಲ್ಲಿಯೇ ಇದೆ.

ಇಷ್ಟನ್ನು ಜರ್ಮನಿಯ ಲೋಥಾರ್ ಮೈಯರ್ ಕೂಡ ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಸ್ವತಂತ್ರವಾಗಿ ಕಂಡಿದ್ದ. ಮೆಂಡಲೀವನ ವೈಶಿಷ್ಟ್ಯ ಅವನ ಧೈರ್ಯದಲ್ಲಿದೆ. ನಿಯಮ ಸರಿಯೆಂದು ಮನಸ್ಸಿಗೆ ಬಂದ ಮೇಲೆ ಅವನು ಅದನ್ನು ಪಣಕ್ಕೊಡ್ಡಿದ. ಬೆರಿಲಿಯಂನ ತೂಕ ಸುಮಾರು 14 ಎಂದು ಹಲವರು ನಂಬಿದ್ದರು. ಅಲ್ಲಿ ಅದಕ್ಕೆ ಮನೆಯಿಲ್ಲ, ಅದು 9 ಆಗಿರಬೇಕು ಎಂದ. ಯುರೇನಿಯಂಗೆ 120 ಎಂದು ಹೇಳುತ್ತಿದ್ದರು. ಅದರ ಇಮ್ಮಡಿ, 240 ಎಂದ. ಎರಡೂ ಅಳತೆಗಳಿಂದ ಸ್ಥಿರಪಟ್ಟುವು. ಟೆಲ್ಲೂರಿಯಂ 128, ಅಯೊಡಿನ್ 127 ಎಂದು ತಕ್ಕಡಿ ಹೇಳಿದರೂ ಅಯೊಡಿನ್ ಸ್ವಭಾವದಿಂದ ಕ್ಲೋರಿನ್ನಿನ ಬಳಗದ್ದೇ ಎಂದು ಟೆಲ್ಲೂರಿಯಂನ್ನು ಮುಂದಿಟ್ಟ. ತಕ್ಕಡಿಯಲ್ಲಿ ತಪ್ಪಿರಬೇಕೆಂಬುದು ಅವನ ನಂಬಿಕೆ. ಆ ನಂಬಿಕೆ ಮಾತ್ರ ನಿಲ್ಲಲಿಲ್ಲ. ಎಷ್ಟು ಸಲ ತೂಗಿದರೂ ಟೆಲ್ಲೂರಿಯಂ ಭಾರವಾಗಿಯೇ ಉಳಿಯಿತು. ಸ್ಥಾನ ಕೊಟ್ಟುದು ಸರಿ, ಕಾರಣ ಹೇಳಿದ್ದು ತಪ್ಪು. ಈ ಒಗಟನ್ನು ಕೊಂಚ ನೆನಪಿನಲ್ಲಿಟ್ಟುಕೊಳ್ಳೋಣ.

ಇನ್ನು ಖಾಲಿ ಮನೆಗಳು. ಕ್ರಮ ಕೆಡುವುದೆಂದು ತೋರಿದಲ್ಲಿ ಮೆಂಡಲೀವ್ ಮುಂದಿನದನ್ನು ಎಳೆದುತಂದು ತುಂಬಲಿಲ್ಲ. ಇಲ್ಲಿ ಇರಬೇಕಾದವನು ಇನ್ನೂ ಬಂದಿಲ್ಲ ಎಂದು ಮನೆಯನ್ನು ಹಾಗೆಯೇ ಬಿಟ್ಟ. ಬಿಟ್ಟು ಸುಮ್ಮನಾಗದೆ, 1871ರ ದೀರ್ಘ ಲೇಖನದಲ್ಲಿ ಬರಲಿರುವ ಮೂವರ ಜಾತಕವನ್ನೇ ಬರೆದ. ಬೋರಾನ್, ಅಲ್ಯೂಮಿನಿಯಂ, ಸಿಲಿಕಾನ್‌ಗಳ ಕಂಬಸಾಲುಗಳಲ್ಲಿ ಕಾಣೆಯಾಗಿರುವ ಇವಕ್ಕೆ ತೂಕ ಇಷ್ಟು, ಸಾಂದ್ರತೆ ಇಷ್ಟು, ಇಂಥಿಂಥ ಸಂಯುಕ್ತಗಳು ಆಗಬೇಕು ಎಂದು ಮುಂದಾಗಿಯೇ ಸಾರಿದ. ಅವುಗಳಿಗೆ ಅವನಿಟ್ಟ ಹೆಸರುಗಳು ನಮ್ಮ ಕಿವಿಗೆ ಪರಿಚಿತ: ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಒಂದು ಮನೆ ದಾಟಿದರೆ ಏಕ, ಎರಡು ದಾಟಿದರೆ ದ್ವಿ. ಸಂಸ್ಕೃತದ ಎಣಿಕೆ ಪೀಟರ್ಸ್‌ಬರ್ಗಿನ ರಸಾಯನಜ್ಞನ ಲೇಖನಿಗೆ ಬಂದುದು ಹೇಗೆ? ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ ಬೋಟ್ಲಿಂಕ್ ಅದೇ ನಗರದಲ್ಲಿ ಸಂಸ್ಕೃತದ ಮಹಾಕೋಶವನ್ನು ಹೊರತರುತ್ತಿದ್ದ ಕಾಲವದು. ಆ ವಿದ್ವಾಂಸನ ಒಡನಾಟದಿಂದ, ಸಂಸ್ಕೃತ ವರ್ಣಮಾಲೆಯ ಎರಡು ದಿಕ್ಕಿನ ಜೋಡಣೆಯ ನೆನಪಿನಿಂದ ಈ ಹೆಸರುಗಳು ಹೊಳೆದಿರಬಹುದೆಂದು ಕೆಲವು ಪಂಡಿತರು ಊಹಿಸಿದ್ದಾರೆ. ಊಹೆ ಊಹೆಯೇ. ಆದರೂ ನಮ್ಮ ಕವರ್ಗ ಚವರ್ಗಗಳನ್ನು ಬಲ್ಲವರಿಗೆ ಅದು ಅಸಂಭವವಾಗಿ ತೋರದು.

ನಾಲ್ಕು ವರ್ಷ ಕಳೆಯಿತು. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬುವಾಬೊದ್ರಾನ್ ಎಂಬಾತ ಪಿರೆನೀಸ್ ಬೆಟ್ಟದ ಸತುವಿನ ಅದಿರನ್ನು ಪರೀಕ್ಷಿಸುತ್ತಿರುವಾಗ ರೋಹಿತದಲ್ಲಿ ಹಿಂದೆಂದೂ ಕಾಣದ ಎರಡು ನೇರಳೆ ಗೆರೆಗಳು ಕಂಡುವು. ಹೊಸ ಲೋಹಕ್ಕೆ ಅವನು ತನ್ನ ನಾಡಿನ ಪ್ರಾಚೀನ ಹೆಸರಿನಿಂದ ಗ್ಯಾಲಿಯಂ ಎಂದು ಕರೆದ. ಸುದ್ದಿ ತಿಳಿದ ಮೆಂಡಲೀವ್, ಇದು ನನ್ನ ಏಕ-ಅಲ್ಯೂಮಿನಿಯಂ ಎಂದ. ಸಾಂದ್ರತೆ 4.7 ಎಂದು ಫ್ರಾನ್ಸಿನಿಂದ ವರದಿ ಬಂದಾಗ, ಇರಲಾರದು, 5.9ರ ಸಮೀಪ ಇರಬೇಕು, ಲೋಹವನ್ನು ಇನ್ನೂ ಶುದ್ಧಿ ಮಾಡಿ ನೋಡಿ ಎಂದು ಬರೆದ. ಲೋಹವನ್ನು ಕಣ್ಣಿನಿಂದ ಕಾಣದವನು, ಅದನ್ನು ಕೈಯಲ್ಲಿ ಹಿಡಿದವನಿಗೆ ತಿದ್ದುಪಡಿ ಹೇಳುವುದೆಂದರೆ! ಲಕಾಕ್ ಮತ್ತೆ ಶುದ್ಧಿ ಮಾಡಿ ಅಳೆದ. 5.9 ಬಂತು. ಅಂಗೈಯ ಬಿಸುಪಿಗೇ ಕರಗುವ ಆ ಲೋಹ ಅಂದಿನಿಂದ ಕೋಷ್ಟಕದ ಮೊದಲ ಸಾಕ್ಷಿಯಾಯಿತು.

1879ರಲ್ಲಿ ಸ್ವೀಡನ್ನಿನ ನಿಲ್ಸನ್ ಸ್ಕ್ಯಾಂಡಿಯಂನ್ನು ಕಂಡ. ಅದೇ ಏಕ-ಬೋರಾನ್ ಎಂದು ಅವನ ನಾಡಿನವನೇ ಆದ ಕ್ಲೆವೆ ತೋರಿಸಿಕೊಟ್ಟ. ಮೂರನೆಯದರ ಕಥೆ ಲೆಕ್ಕದ ಪುಸ್ತಕದಿಂದ ಹುಟ್ಟಿತು. ಜರ್ಮನಿಯ ಫ್ರೈಬರ್ಗಿನ ವಿಂಕ್ಲರ್ ಅಲ್ಲಿಯ ಬೆಳ್ಳಿಯ ಗಣಿಯೊಂದರಲ್ಲಿ ಸಿಕ್ಕಿದ ಹೊಸ ಖನಿಜವನ್ನು ವಿಶ್ಲೇಷಿಸಿ, ಬಂದುದನ್ನೆಲ್ಲ ಕೂಡಿಸಿದರೆ ಮೊತ್ತ ಪ್ರತಿಸಲವೂ ನೂರಕ್ಕೆ ಸುಮಾರು ಏಳರಷ್ಟು ಕಡಿಮೆಯಾಗುತ್ತಿತ್ತು. ಪ್ರಾಮಾಣಿಕನಾದ ಶ್ಯಾನುಭೋಗನಂತೆ ಅವನು ಆ ಏಳರ ಬೆನ್ನು ಹತ್ತಿದ. ತಿಂಗಳುಗಳ ತೊಳಲಾಟದ ಬಳಿಕ 1886ರಲ್ಲಿ ಜರ್ಮೇನಿಯಂ ಕೈಗೆ ಸಿಕ್ಕಿತು. ಮೆಂಡಲೀವ್ ಹೇಳಿದ್ದ ತೂಕ 72, ದೊರೆತದ್ದು 72.3, ಹೇಳಿದ್ದ ಸಾಂದ್ರತೆ 5.5, ದೊರೆತದ್ದು 5.47. ಹದಿನೈದು ವರ್ಷದಲ್ಲಿ ಮೂರು ಮನೆಗಳೂ ತುಂಬಿದುವು. ಅವುಗಳೊಡನೆ ಕೋಷ್ಟಕದ ಮೇಲೆ ವಿದ್ವಾಂಸರ ವಿಶ್ವಾಸವೂ ತುಂಬಿತು. 1887ರಲ್ಲಿ ರಾಯಲ್ ಸೊಸೈಟಿ ನ್ಯೂಲ್ಯಾಂಡ್ಸ್‌ಗೂ ತಡವಾಗಿ ಡೇವಿ ಪದಕವನ್ನು ಕೊಟ್ಟಿತು.

ಒಂದೊಂದು ಮನೆ ಖಾಲಿಯಿದ್ದರೆ ನೆರೆಹೊರೆಯಿಂದ ತಿಳಿಯಬಹುದು. ಇಡೀ ಕಂಬಸಾಲೇ ಕಾಣೆಯಾಗಿದ್ದರೆ? 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ನಮ್ಮ ನೆರೆಯ ಗುಂಟೂರಿಗೆ ಬಂದಿದ್ದ. ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆವ ಗೆರೆಗಳು ಕಂಡುವು. ಅಲ್ಲಿಯ ಹಳದಿ ಗೆರೆ ಭೂಮಿಯ ಮೇಲೆ ತಿಳಿದಿದ್ದ ಯಾವ ಮೂಲಧಾತುವಿನದೂ ಅಲ್ಲವೆಂದು ಇಂಗ್ಲೆಂಡಿನ ಲಾಕಿಯರ್ ನಿರ್ಣಯಿಸಿದ. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಎನಿಸಿಕೊಂಡಿತು. 1894ರಲ್ಲಿ ರ‍್ಯಾಲೆ ಮತ್ತು ರ‍್ಯಾಮ್ಸೆ ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ ಸುಮಾರು ಒಂದರಷ್ಟು ಪ್ರಮಾಣದಲ್ಲಿ ಅಡಗಿದ್ದ ಆರ್ಗಾನನ್ನು ಹೊರಗೆಡಹಿದರು. ಮರುವರ್ಷ ರ‍್ಯಾಮ್ಸೆ ಸೂರ್ಯನ ಹೀಲಿಯಂನ್ನು ಭೂಮಿಯ ಒಂದು ಖನಿಜದಲ್ಲಿ ಕಂಡ. ಯಾರೊಡನೆಯೂ ಕೂಡದ ಸಂನ್ಯಾಸಿಗಳಂತಿದ್ದ ಈ ಅನಿಲಗಳಿಗೆ ಕೋಷ್ಟಕದಲ್ಲಿ ಎಡೆಯೆಲ್ಲಿ? ಮೆಂಡಲೀವನೇ ಮೊದಲು ಆರ್ಗಾನನ್ನು ಒಪ್ಪದೆ ಅದು ಸಾರಜನಕದ ಒಂದು ರೂಪವಿರಬೇಕೆಂದ. 1898ರಲ್ಲಿ ರ‍್ಯಾಮ್ಸೆ ತನ್ನ ತರುಣ ಸಹಾಯಕ ಮಾರಿಸ್ ಟ್ರ್ಯಾವರ್ಸ್‌ನೊಡನೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನೂ ಕಂಡ ಮೇಲೆ, ಇದು ಹೊಸದೊಂದು ವಂಶವೇ ಎಂಬುದು ನಿಚ್ಚಳವಾಯಿತು. ಕ್ಲೋರಿನ್ ಬಳಗಕ್ಕೂ ಸೋಡಿಯಂ ಬಳಗಕ್ಕೂ ನಡುವೆ ಒಂದು ಕಂಬವನ್ನು ನಿಲ್ಲಿಸಿದರು. ಕೋಷ್ಟಕದ ಬೇರಾವ ಮನೆಯೂ ಅಲುಗಲಿಲ್ಲ.

ಈ ವೃತ್ತಾಂತಕ್ಕೂ ನಮ್ಮ ಬೆಂಗಳೂರಿಗೂ ಒಂದು ನಿಜವಾದ ನಂಟಿದೆ. ಜಮ್ಷೆಟ್‌ಜಿ ಟಾಟಾ ಅವರು ಕನಸು ಕಂಡ ವಿಜ್ಞಾನ ಸಂಸ್ಥೆಗೆ ಸ್ಥಳವನ್ನು ಸೂಚಿಸಲು 1900ರಲ್ಲಿ ಭಾರತಕ್ಕೆ ಬಂದು ಬೆಂಗಳೂರನ್ನು ಆರಿಸಿದವನು ಇದೇ ರ‍್ಯಾಮ್ಸೆ. ಆ ಸಂಸ್ಥೆಯ ಮೊದಲ ನಿರ್ದೇಶಕನಾಗಿ 1906ರಲ್ಲಿ ಬಂದವನು ಇದೇ ಟ್ರ್ಯಾವರ್ಸ್. ಕೋಷ್ಟಕದ ಕಡೆಯ ಕಂಬಕ್ಕೆ ಮೂರು ಹೊಸ ಹೆಸರುಗಳನ್ನು ಸೇರಿಸಿದ ಕೈಗಳೇ ನಮ್ಮ ಭಾರತೀಯ ವಿಜ್ಞಾನ ಮಂದಿರದ ಅಸ್ತಿಭಾರದಲ್ಲಿಯೂ ದುಡಿದುವು.

ಈಗ ಟೆಲ್ಲೂರಿಯಂನ ಒಗಟಿಗೆ ಮರಳೋಣ. ಆರ್ಗಾನ್ ಬಂದ ಮೇಲೆ ಅಂಥದೇ ಇನ್ನೊಂದು ಜೋಡಿ ಕಂಡಿತು. ಆರ್ಗಾನಿನ ತೂಕ ಅದರ ಮುಂದಿನ ಪೊಟಾಸಿಯಂಗಿಂತ ಹೆಚ್ಚು. ಕೋಬಾಲ್ಟ್ ನಿಕ್ಕಲ್‌ಗಳದೂ ಅದೇ ಪಾಡು. ತೂಕವೇ ಕ್ರಮದ ಆಧಾರವಾದರೆ ಈ ಅಪವಾದಗಳೇಕೆ? ಉತ್ತರ ತಂದವನು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ತರುಣ. 1913 ಮತ್ತು 1914ರಲ್ಲಿ ಅವನು ಒಂದೊಂದೇ ಮೂಲಧಾತು ಹೊರಸೂಸುವ ಕ್ಷ-ಕಿರಣಗಳನ್ನು ಅಳೆದು ನೋಡಿದ. ಒಂದು ಮನೆಯಿಂದ ಮುಂದಿನ ಮನೆಗೆ ಹೋದಂತೆ ಆ ಕಿರಣದ ಕಂಪನಸಂಖ್ಯೆಯ ವರ್ಗಮೂಲ ಒಂದೇ ಸಮನಾದ ಹೆಜ್ಜೆಯಿಂದ ಏರುತ್ತಿತ್ತು. ಪರಮಾಣುವಿನ ನಡುವಣ ಬೀಜಕೇಂದ್ರದಲ್ಲಿರುವ ವಿದ್ಯುದಂಶದ ಎಣಿಕೆಯೇ ಈ ಹೆಜ್ಜೆಯ ಮೂಲ. ಅದಕ್ಕೆ ಪರಮಾಣು ಸಂಖ್ಯೆಯೆಂದು ಹೆಸರಾಯಿತು. ಟೆಲ್ಲೂರಿಯಂ 52, ಅಯೊಡಿನ್ 53. ಆರ್ಗಾನ್ 18, ಪೊಟಾಸಿಯಂ 19. ಕೋಬಾಲ್ಟ್ 27, ನಿಕ್ಕಲ್ 28. ಒಗಟು ಬಿಡಿಸಿತು. ಮೆಂಡಲೀವ್ ಗುಣವನ್ನು ನಂಬಿ ಇಟ್ಟ ಮನೆಗಳಿಗೆ ಮೋಸ್ಲಿ ಮನೆಯ ಸಂಖ್ಯೆಗಳನ್ನು ಬರೆದ. ಇನ್ನು ಮೇಲೆ ಎಲ್ಲಿ ಎಷ್ಟು ಮನೆ ಖಾಲಿಯಿದೆ ಎಂಬುದನ್ನು ಬೆರಳು ಮಡಚಿ ಎಣಿಸಬಹುದಾಗಿತ್ತು. ಯುರೇನಿಯಂವರೆಗಿನ 92ರಲ್ಲಿ ಖಾಲಿಯಾಗಿದ್ದುವು ಏಳು: 43, 61, 72, 75, 85, 87 ಮತ್ತು 91.

ಅವು ತುಂಬುವುದನ್ನು ನೋಡಲು ಮೋಸ್ಲಿ ಉಳಿಯಲಿಲ್ಲ. ಮೊದಲ ಮಹಾಯುದ್ಧ ಆರಂಭವಾದಾಗ ತಾನಾಗಿಯೇ ಸೈನ್ಯಕ್ಕೆ ಸೇರಿದ ಅವನು 1915ರ ಆಗಸ್ಟ್ 10ರಂದು ಗಲಿಪೊಲಿಯ ರಣರಂಗದಲ್ಲಿ ಗುಂಡಿಗೆ ಬಲಿಯಾದ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಮೂಲಧಾತುಗಳ ಯಾವ ಖಾಲಿ ಮನೆಯನ್ನಾದರೂ ಕಾಲ ತುಂಬಿಸಿತು. ಈ ತೆರಪನ್ನು ತುಂಬಲು ಯಾವ ಕೋಷ್ಟಕಕ್ಕೂ ಸಾಧ್ಯವಿರಲಿಲ್ಲ.

ಪರಮಾಣುವಿನ ಒಳರಚನೆ ತಿಳಿದಂತೆ ಆವರ್ತದ ಕಾರಣವೂ ತಿಳಿಯಿತು. ಬೀಜಕೇಂದ್ರದ ಸುತ್ತ ಎಲೆಕ್ಟ್ರಾನುಗಳು ಕವಚ ಕವಚವಾಗಿ ನೆಲಸಿವೆ. ಬೇರೆ ಪರಮಾಣುಗಳೊಡನೆ ವ್ಯವಹಾರ ನಡೆಸುವುವು ಹೊರಜಗಲಿಯಲ್ಲಿರುವುವು ಮಾತ್ರ. ಸೋಡಿಯಂಗೂ ಪೊಟಾಸಿಯಂಗೂ ಹೊರಜಗಲಿಯಲ್ಲಿ ಇರುವುದು ಒಂದೇ ಎಲೆಕ್ಟ್ರಾನು. ಆದುದರಿಂದ ನಡತೆಯೂ ಒಂದೇ ತೆರ. ಸಾಲುಗಳ ಉದ್ದ 2, 8, 8, 18, 18, 32, 32 ಎಂದು ಬೆಳೆಯುವುದಕ್ಕೂ ಈ ತುಂಬುವಿಕೆಯ ಕ್ರಮವೇ ಕಾರಣ. ಇವನ್ನು ಕೂಡಿಸಿದರೆ ಸರಿಯಾಗಿ 118. ಕೋಷ್ಟಕದ ಕೆಳಗೆ ಎರಡು ಸಾಲುಗಳನ್ನು ಪ್ರತ್ಯೇಕವಾಗಿ ಬರೆದಿರುವುದನ್ನು ಗಮನಿಸಿರಬಹುದು. ಒಳಕವಚ ತುಂಬುತ್ತಿರುವಾಗ ಹೊರಜಗಲಿ ಹೆಚ್ಚು ಬದಲಾಗದೆ ಇರುವುದರಿಂದ ಪರಸ್ಪರ ಬಹಳ ಹೋಲುವ ವಿರಳ ಭಸ್ಮ ಧಾತುಗಳೂ ಅವುಗಳ ಕೆಳಗಿನ ಯುರೇನಿಯಂ ಬಳಗವೂ ಅಲ್ಲಿವೆ. ವರ್ಗಗಳ ಚೌಕದಲ್ಲಿ ಕೂಡದ ಯ ರ ಲ ವಗಳನ್ನು ಅವರ್ಗೀಯವೆಂದು ಕೊನೆಯಲ್ಲಿ ಸಾಲಾಗಿ ಬರೆಯುವ ನಮ್ಮ ಪದ್ಧತಿ ಇಲ್ಲಿ ನೆನಪಾಗುತ್ತದೆ.

ಮೋಸ್ಲಿ ಎಣಿಕೆಗೆ ತಂದ ಏಳು ಮನೆಗಳಲ್ಲಿ 43ನೆಯದು ಮೆಂಡಲೀವ್ ಏಕ-ಮ್ಯಾಂಗನೀಸ್ ಎಂದು ಕಾದಿರಿಸಿದ್ದ ಮನೆ. ಅದನ್ನು ಅದಿರುಗಳಲ್ಲಿ ಹುಡುಕಿದವರೆಲ್ಲ ಬರಿಗೈಯಲ್ಲಿ ಮರಳಿದರು. 1937ರಲ್ಲಿ ಇಟಲಿಯ ಪೆರಿಯೆ ಮತ್ತು ಸೆಗ್ರೆ, ಅಮೆರಿಕದ ಸೈಕ್ಲೊಟ್ರಾನ್ ಯಂತ್ರದ ತಾಡನಕ್ಕೆ ಒಳಗಾಗಿದ್ದ ಮಾಲಿಬ್ಡಿನಂ ತಗಡಿನಲ್ಲಿ ಅದನ್ನು ಕಂಡರು. ಮನುಷ್ಯ ನಿರ್ಮಿಸಿದ ಮೊದಲ ಮೂಲಧಾತುವಾದ ಅದಕ್ಕೆ ಟೆಕ್ನೀಶಿಯಂ ಎಂದು ಹೆಸರು. ಇಂದು ಆಸ್ಪತ್ರೆಗಳಲ್ಲಿ ಎಲುಬಿನ, ಹೃದಯದ ರೋಗಗಳನ್ನು ಕಂಡುಹಿಡಿಯಲು ರೋಗಿಯ ರಕ್ತನಾಳಕ್ಕೆ ಸೇರಿಸುವ ವಿಕಿರಣ ವಸ್ತುಗಳಲ್ಲಿ ಅದರದೇ ಒಂದು ರೂಪ ಪ್ರಧಾನವಾದುದು. ಒಮ್ಮೆ ಕಾಗದದ ಮೇಲೆ ಖಾಲಿ ಬಿಟ್ಟ ಚೌಕ ಇಂದು ಮನುಷ್ಯನ ಪ್ರಾಣವನ್ನು ಕಾಯುವ ಕೆಲಸದಲ್ಲಿದೆ.

ಮೆಂಡಲೀವ್ ಸರ್ವಜ್ಞನಾಗಿರಲಿಲ್ಲ. ಪರಮಾಣುವನ್ನು ಒಡೆಯಬಹುದೆಂಬ ಮಾತು ಅವನಿಗೆ ಕಡೆಯವರೆಗೂ ರುಚಿಸಲಿಲ್ಲ. ಜಲಜನಕಕ್ಕಿಂತ ಹಗುರವಾದ ಮೂಲಧಾತುಗಳಿವೆ ಎಂದು ಅವನು ನುಡಿದ ಭವಿಷ್ಯ ಸುಳ್ಳಾಯಿತು. 1907ರಲ್ಲಿ, ನೊಬೆಲ್ ಪಾರಿತೋಷಕ ದೊರೆಯದೆಯೇ ತೀರಿಕೊಂಡ. ಆದರೆ 1955ರಲ್ಲಿ ಅಮೆರಿಕದ ವಿಜ್ಞಾನಿಗಳು ಕೇವಲ 17 ಪರಮಾಣುಗಳಷ್ಟು ತಯಾರಿಸಿದ 101ನೆಯ ಮೂಲಧಾತುವಿಗೆ, ಎರಡು ದೇಶಗಳ ನಡುವೆ ಶೀತಲ ಸಮರ ನಡೆಯುತ್ತಿದ್ದ ಆ ದಿನಗಳಲ್ಲಿ, ಈ ರಷ್ಯನ್ನನ ಹೆಸರಿನಿಂದ ಮೆಂಡಲೀವಿಯಂ ಎಂದು ಕರೆದರು. ತಾನು ಕಟ್ಟಿದ ಮನೆ ತನ್ನ ತಿಳಿವಿಗಿಂತ ದೊಡ್ಡದಾಗಿ ಬೆಳೆಯುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ.

2016ರಲ್ಲಿ 113, 115, 117 ಮತ್ತು 118ನೆಯ ಧಾತುಗಳಿಗೆ ಹೆಸರಿಟ್ಟಾಗ ಏಳನೆಯ ಸಾಲು ಪೂರ್ಣಗೊಂಡಿತು. ಕೋಷ್ಟಕ ಹುಟ್ಟಿ ನೂರೈವತ್ತು ವರ್ಷ ತುಂಬಿದ 2019ನ್ನು ವಿಶ್ವಸಂಸ್ಥೆ ಆವರ್ತ ಕೋಷ್ಟಕದ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಹಾಗೆಂದು ಚರ್ಚೆ ಮುಗಿದಿಲ್ಲ. ಅನಿಲವಾದ ಜಲಜನಕವನ್ನು ಲೋಹಗಳ ಕಂಬದಲ್ಲಿ ಕೂರಿಸಿರುವುದು ಸರಿಯೇ ಎಂದು ಕೇಳುವವರಿದ್ದಾರೆ. ಕ್ಷಣಮಾತ್ರವೂ ಬಾಳದ 118ನೆಯದು ಜಡ ಅನಿಲಗಳ ಕಂಬದಲ್ಲಿದ್ದರೂ ಆ ವಂಶದ ನಡತೆಯನ್ನು ಮೀರಬಹುದೆಂದು ಗಣಿತ ಹೇಳುತ್ತದೆ. ಎಂಟನೆಯ ಸಾಲಿನ ಮೊದಲ ಮನೆಗೆ ಬರಬೇಕಾದವನಿಗಾಗಿ ಪ್ರಯೋಗಶಾಲೆಗಳು ಶೋಧ ನಡೆಸಿವೆ.

ಜ್ಞಾನದ ಕ್ಷೇತ್ರದಲ್ಲಿ ಎಲ್ಲವನ್ನೂ ತುಂಬಿ ತೋರಿಸುವ ಆಸೆ ದೊಡ್ಡದು. ತೆರಪು ಕಂಡರೆ ಓದುಗನು ನಗುವನೋ ಎಂಬ ಅಂಜಿಕೆಯಿಂದ ಏನಾದರೊಂದನ್ನು ತಂದು ತುರುಕುವುದು ವಿಜ್ಞಾನದಲ್ಲಿ ಮಾತ್ರವಲ್ಲ, ಚರಿತ್ರೆಯಲ್ಲಿ, ಗ್ರಂಥಸಂಪಾದನೆಯಲ್ಲಿ, ದಿನನಿತ್ಯದ ಮಾತುಕತೆಯಲ್ಲಿಯೂ ನಡೆಯುತ್ತದೆ. ಹಳೆಯ ಓಲೆಗರಿಯಲ್ಲಿ ಹುಳು ತಿಂದುಹೋದ ಅಕ್ಷರಗಳ ಎಡೆಯಲ್ಲಿ ಚುಕ್ಕಿಗಳನ್ನಿಟ್ಟು, ಛಂದಸ್ಸಿನಿಂದ ಇಲ್ಲಿ ಇಷ್ಟು ಮಾತ್ರೆ ಇರಬೇಕೆಂದು ಗುರುತಿಸುವ ಸಂಪಾದಕನು ಮೆಂಡಲೀವನ ಕುಲಕ್ಕೆ ಸೇರಿದವನು. ತನಗೆ ತಿಳಿಯದುದರ ಅಳತೆಯನ್ನು ಅವನು ಬಲ್ಲ; ಮುಂದೆ ಇನ್ನೊಂದು ಪ್ರತಿ ದೊರೆತಾಗ ತಾನು ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ನೋಡಬಹುದಾದಂತೆ ಚುಕ್ಕಿಗಳನ್ನಿಟ್ಟಿದ್ದಾನೆ. ಮುಂದಿನ ಸಲ ಶಾಲೆಯ ಗೋಡೆಯ ಮೇಲೆ ಆ ಬಣ್ಣದ ಪಟವನ್ನು ಕಂಡಾಗ ಅಲ್ಯೂಮಿನಿಯಂ ಮತ್ತು ಸಿಲಿಕಾನ್‌ಗಳ ಕೆಳಗಿನ ಎರಡು ಮನೆಗಳನ್ನು ಒಮ್ಮೆ ದಿಟ್ಟಿಸಿ ನೋಡಿ. ಈಗ ಅಲ್ಲಿ ಹೆಸರುಗಳಿವೆ. ಅವು ಬರುವುದಕ್ಕೆ ಮೊದಲೇ ಅವುಗಳಿಗಾಗಿ ಎಡೆ ಹಾಕಿಟ್ಟಿದ್ದವನೊಬ್ಬನಿದ್ದ.